ಮುಜಂಟಿಯ ಅಂಟು, ನನ್ನ ಹೆಬ್ಬೆರಳು

ಅಡಿಕೆ ಸುಲಿಯುವ ಕಾಲ ಬಂತೆಂದರೆ ಮೆಟ್ಟುಗತ್ತಿಗೆ ನನ್ನ ಹೆಬ್ಬೆರಳು ಕೊಯ್ಯದೆ ಬಿಡುವುದಿಲ್ಲ. ಅದಕ್ಕೇ ಪ್ರೊಪೊಲಿಸ್, ಅಂದರೆ ಜೇನುಹುಳ ಮರದ ರಾಳದಿಂದ ಮಾಡುವ ಅಂಟು, ಗಾಯಕ್ಕೆ ಒಳ್ಳೆಯದು ಎಂದು ಓದಿದಾಗ, ಮನೆಯಲ್ಲೇ ಜೇನಿದೆಯಲ್ಲ, ನೋಡೋಣ ಅನ್ನಿಸಿತು.

ತುಡುವೆ, ಅಂದರೆ ಪೆಟ್ಟಿಗೆಯಲ್ಲಿ ಸಾಕುವ ನಮ್ಮ ನಾಡಜೇನು, ಅದರ ಪೆಟ್ಟಿಗೆಗಳನ್ನೆಲ್ಲ ಕೆರೆದು ನೋಡಿದೆ. ಏನೂ ಸಿಗಲಿಲ್ಲ. ತುಡುವೆ ಈ ಅಂಟನ್ನು ಕೂಡಿಡುವುದೇ ಇಲ್ಲ ಅನ್ನುವಷ್ಟು ಕಡಿಮೆ, ಹೊರದೇಶದಿಂದ ಬಂದ ಮೆಲ್ಲಿಫೆರಾ ಜೇನು ಜಾಸ್ತಿ ತರುತ್ತದೆ. ಆದರೆ ನಮ್ಮ ಗೋಡೆ ಸಂದಿಯ ಮುಜಂಟಿ, ಕುಟುಕದ ಪುಟ್ಟ ಜೇನು, ಇದೆಯಲ್ಲ, ಅದರ ಗೂಡೆಂದರೆ ಪೂರ್ತಿ ಅಂಟೇ, ಬಾಗಿಲಿನ ಕೊಳವೆಯಿಂದ ಹಿಡಿದು ಒಳಗಿನ ಗೋಡೆಯವರೆಗೂ. ಮರದ ರಾಳ ತಂದು ಮೇಣ ಬೆರೆಸಿ ಕಟ್ಟುತ್ತದೆ. ಒಮ್ಮೆ ಮುಜಂಟಿ ಗೂಡಿದ್ದ ಮಡಕೆ ಒಡೆದಾಗ ಒಳಗೆ ನುಗ್ಗಿದ್ದ ಒಂದು ಜೀರುಂಡೆಗೆ ಅಂಟು ಬಳಿದು ಅಲ್ಲೇ ಮುಚ್ಚಿಟ್ಟಿತ್ತು. ಕೊಳೆತಿರಲಿಲ್ಲ!

ಅಂಟನ್ನು ಫ್ರೀಜರ್‌ನಲ್ಲಿಟ್ಟರೆ ಗಟ್ಟಿಯಾಗುತ್ತದೆ, ಆಮೇಲೆ ಪುಡಿ ಮಾಡುವುದು ಸುಲಭ. ಮೊದಲ ಸಲ ವೋಡ್ಕಾದಲ್ಲಿ ನೆನೆಹಾಕಿದೆ. ಅದರಲ್ಲಿರುವುದು ಶೇಕಡಾ 42.8 ಆಲ್ಕೋಹಾಲ್, ಅಂಟು ಅರ್ಧವೂ ಕರಗಲಿಲ್ಲ. ಎರಡನೇ ಸಲ 70 ಶೇಕಡಾದ ಎಥೆನಾಲ್ 100 ಎಂಎಲ್‌ಗೆ 10 ಗ್ರಾಂ ಪುಡಿ ಹಾಕಿ, ಕಂದು ಸೀಸೆಯಲ್ಲಿ ಎರಡು ವಾರ ಇಟ್ಟು, ದಿನಾ ಅಲುಗಾಡಿಸಿ, ಬಟ್ಟೆಯಲ್ಲಿ ಸೋಸಿದೆ. ಚಹಾ ಡಿಕಾಕ್ಷನ್ ಬಣ್ಣ, ಧೂಪದ ವಾಸನೆ.

ಸಣ್ಣ ಗೀರಿಗೆ ಮೊದಲು ಸೋಪು ನೀರಲ್ಲಿ ತೊಳೆದು, ಒರೆಸಿ, ಒಂದೆರಡು ಹನಿ ಹಚ್ಚುತ್ತೇನೆ. ಚುರ್ ಅನ್ನುತ್ತದೆ. ಸ್ಪಿರಿಟ್ ಆರಿದ ಮೇಲೆ ತೆಳು ಪೊರೆ ಕೂರುತ್ತದೆ, ದೂಳು ಒಳಗೆ ಹೋಗುವುದಿಲ್ಲ. ಬ್ಯಾಕ್ಟೀರಿಯಾ ತಡೆಯುವ, ಊತ ಇಳಿಸುವ ಗುಣ ಇದರಲ್ಲಿರುವ ಫ್ಲೇವನಾಯ್ಡ್ ಎಂಬ ಸಸ್ಯಮೂಲದ ರಾಸಾಯನಿಕಗಳಿಗಿದೆ ಎಂದು ಪ್ರಯೋಗಾಲಯದಲ್ಲಿ ಕಂಡಿದ್ದಾರೆ. ನನ್ನ ಗೀರುಗಳು ಕೀವಾಗದೆ ಮಾಗಿದವು. ನಿಜ ಹೇಳಬೇಕೆಂದರೆ ತೊಳೆದು ಸುಮ್ನೆ ಬಿಟ್ಟಿದ್ದರೂ ಅವು ಮಾಗುತ್ತಿದ್ದವೇನೋ, ಅಲ್ವಾ?

ತಪ್ಪು ಮಾಡಿದ್ದು ಕಾಲಿನ ಗಾಯದಲ್ಲಿ. ಗುದ್ದಲಿ ತಾಗಿ ಆಳವಾಗಿ ಸೀಳಿತ್ತು. ಹುರುಪಿನಲ್ಲಿ ಹಸಿ ಅಂಟನ್ನೇ ಮೆತ್ತಿ ಮುಚ್ಚಿಬಿಟ್ಟೆ. ಮೂರನೇ ದಿನ ಒಳಗೆ ಕೀವು, ಜ್ವರ. ಡಾಕ್ಟರು ಆ ಅಂಟನ್ನು ಬಿಡಿಸುವಾಗ ಆದ ನೋವು ಗಾಯದ ನೋವಿಗಿಂತ ಜಾಸ್ತಿ. ಅವರು ಬೈದಿದ್ದನ್ನು ಇಲ್ಲಿ ಬರೆಯುವುದಿಲ್ಲ. ಆಳದ ಗಾಯ, ಸುಟ್ಟ ಗಾಯ, ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣು, ಇವಕ್ಕೆ ಮನೆಯ ಸೀಸೆ ಮುಟ್ಟಬೇಡಿ.

ಇನ್ನೊಂದು. ನನ್ನ ಹೆಂಡತಿಗೆ ಇದನ್ನು ಹಚ್ಚಿದರೆ ಕೆಂಪು ಗುಳ್ಳೆ, ವಿಪರೀತ ತುರಿಕೆ. ಪ್ರೊಪೊಲಿಸ್ ಅಲರ್ಜಿ ಅಪರೂಪವೇನಲ್ಲ. ಮುಜಂಟಿ ಮಾವಿನ ಮರದ ರಾಳವನ್ನೂ ತರುತ್ತದೆ, ಸೊನೆ ತಾಗಿದರೆ ಮೈ ಉರಿಯುವವರು ಇನ್ನೂ ಹುಷಾರಾಗಿರಬೇಕು. ಮೊದಲು ಮೊಣಕೈ ಒಳಗಡೆ ಒಂದು ಹನಿ ಹಚ್ಚಿ ಎರಡು ದಿನ ಕಾಯಿರಿ.

ಸೀಸೆ ಈಗ ಮೆಟ್ಟುಗತ್ತಿಯ ಪಕ್ಕದಲ್ಲೇ ಇದೆ. ಟಿಟಿ ಇಂಜೆಕ್ಷನ್ ಹಾಕಿಸಿಕೊಂಡ ತಾರೀಖನ್ನೂ ಅದರ ಮೇಲೇ ಬರೆದು ಅಂಟಿಸಿದ್ದೇನೆ.