ತೋಟಕ್ಕೆ ಹೆದ್ದಾರಿ ಬಂದಾಗ: ಕೈಯಲ್ಲಿರುವುದು 21 ದಿನ

ಸಕಲೇಶಪುರದ ಕಡೆ, ಕಾಫಿ ಗಿಡಗಳ ನಡುವೆ ಗಡಿ ಕಲ್ಲು ನೆಡಲು ಜನ ಬಂದಾಗಲಷ್ಟೇ ಎಚ್ಚೆತ್ತುಕೊಳ್ಳುವವರು ಬಹಳ. ಅಷ್ಟರಲ್ಲಿ ಕಾಗದದ ಮೇಲೆ ಹೆದ್ದಾರಿ ಅರ್ಧ ದಾರಿ ಬಂದುಬಿಟ್ಟಿರುತ್ತದೆ. ರಾಷ್ಟ್ರೀಯ ಹೆದ್ದಾರಿ ಕಾಯ್ದೆ, 1956ರ ಸೆಕ್ಷನ್ 3ಎ ಅಧಿಸೂಚನೆ (ಜಮೀನು ಸ್ವಾಧೀನದ ಉದ್ದೇಶ ತಿಳಿಸುವ ಮೊದಲ ಪ್ರಕಟಣೆ) ರಾಜಪತ್ರದಲ್ಲಿ ಪ್ರಕಟವಾದ ದಿನದಿಂದ ಆಕ್ಷೇಪಣೆಗೆ ಇರುವುದು 21 ದಿನ. ಅದರ ಸಾರಾಂಶ ಎರಡು ಸ್ಥಳೀಯ ಪತ್ರಿಕೆಗಳಲ್ಲೂ ಬರಬೇಕು. ಒಂದು ಸ್ಥಳೀಯ ಭಾಷೆಯದ್ದಾಗಿರಬೇಕು. ಒಳಪುಟದಲ್ಲಿ ಇರುವೆ ಸಾಲಿನಂತಿರುವ ಆ ಪಟ್ಟಿಯನ್ನು ರದ್ದಿಗೆ ಹಾಕುವ ಮುನ್ನ ಓದಿ.

ಓದುವುದಕ್ಕೂ ಒಂದು ಕ್ರಮವಿದೆ. ಮೊದಲು ಸರ್ವೆ ನಂಬರು, ಹಿಸ್ಸಾ. ಆಮೇಲೆ ವಿಸ್ತೀರ್ಣ. ಪಹಣಿಯಲ್ಲಿ ಎಕರೆ, ಗುಂಟೆ ಇದ್ದರೆ ಅಧಿಸೂಚನೆಯಲ್ಲಿ ಹೆಕ್ಟೇರ್ ಅಥವಾ ಚದರ ಮೀಟರ್ ಇರುತ್ತದೆ. ಒಂದು ಗುಂಟೆ ಎಂದರೆ ಸುಮಾರು 101 ಚದರ ಮೀಟರ್. 0.0809 ಹೆಕ್ಟೇರ್ ಎಂದು ನೋಡಿ ‘ಏನೋ ಚೂರು’ ಎಂದುಕೊಳ್ಳಬೇಡಿ, ಅದು ಎಂಟು ಗುಂಟೆ. ಕೊನೆಗೆ ಜಮೀನಿನ ನಮೂನೆ ನೋಡಿ: ಫಸಲು ಕೊಡುವ ಅಡಿಕೆ ತೋಟ ‘ಖುಷ್ಕಿ’ (ಮಳೆಯಾಶ್ರಿತ ಒಣ ಭೂಮಿ) ಎಂದು ದಾಖಲಾಗಿದ್ದರೆ ತಕ್ಷಣ ಬರೆದುಕೊಡಬೇಕು.

ಆಕ್ಷೇಪಣೆ ಲಿಖಿತವಾಗಿಯೇ ಇರಬೇಕು. ಅದನ್ನು ಭೂಸ್ವಾಧೀನದ ಸಕ್ಷಮ ಅಧಿಕಾರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಖುದ್ದಾಗಿ ಅಥವಾ ವಕೀಲರ ಮೂಲಕ ಅಹವಾಲು ಹೇಳಿಕೊಳ್ಳುವ ಹಕ್ಕೂ ಇದೆ. 3ಎ ಅಧಿಸೂಚನೆ ಪ್ರಕಟವಾದ ಒಂದು ವರ್ಷದೊಳಗೆ 3ಡಿ ಘೋಷಣೆ (ಜಮೀನು ಸ್ವಾಧೀನದ ಅಂತಿಮ ಘೋಷಣೆ) ಬರದಿದ್ದರೆ ಆ ಮೊದಲ ಅಧಿಸೂಚನೆ ಬಿದ್ದುಹೋಗುತ್ತದೆ (ತಡೆಯಾಜ್ಞೆಯ ಅವಧಿ ಲೆಕ್ಕಕ್ಕಿಲ್ಲ). ಬಂದರೆ ಜಮೀನು ಕೇಂದ್ರ ಸರ್ಕಾರದ್ದು. ಆಮೇಲೆ ‘ಕೊಡುವುದಿಲ್ಲ’ ಎನ್ನುವ ಮಾತಿಗೆ ಬೆಲೆಯಿಲ್ಲ, ‘ಎಷ್ಟು’ ಎನ್ನುವುದಷ್ಟೇ ಉಳಿಯುತ್ತದೆ.

ಈ ‘ಎಷ್ಟು’ ಎನ್ನುವಲ್ಲೇ ಹೆಚ್ಚು ಜನ ಸೋಲುತ್ತಾರೆ. ನನ್ನ ಪರಿಚಯದ ಬೆಳೆಗಾರರೊಬ್ಬರ ತೋಟದಲ್ಲಿ ಜಂಟಿ ಅಳತೆಯ ದಿನ (ಅಧಿಕಾರಿಗಳು ಬಂದು ಜಮೀನು, ಮರ ಲೆಕ್ಕ ಹಾಕುವ ದಿನ) ಸಿಲ್ವರ್ ಓಕ್ ಮರಗಳೆಲ್ಲ ಎಣಿಕೆಗೆ ಬಂದವು, ಅವನ್ನು ತಬ್ಬಿಕೊಂಡಿದ್ದ ಕಾಳುಮೆಣಸಿನ ಬಳ್ಳಿಗಳು ಬರಲಿಲ್ಲ. ಮಾಲೀಕರು ಅಂದು ಮದುವೆ ಮನೆಯಲ್ಲಿದ್ದರು. ಅಳತೆಯ ದಿನ ನೀವೇ ನಿಲ್ಲಿ. ಹಿಂದಿನ ದಿನವೇ ಕಾಂಡಗಳಿಗೆ ಬಣ್ಣದಲ್ಲಿ ಸಂಖ್ಯೆ ಬರೆದು ಫೋಟೊ ತೆಗೆದಿಡಿ. ಬಾವಿ, ಪೈಪು, ಕಣ, ಲೈನ್ ಮನೆ (ಕಾರ್ಮಿಕರ ಸಾಲುಮನೆ) ಯಾವುದೂ ಬಿಟ್ಟುಹೋಗಬಾರದು. ಪೂರ್ತಿ ಓದದೆ ಮಹಜರಿಗೆ ಸಹಿ ಹಾಕಬೇಡಿ.

ಭೂಮಿಯ ಬೆಲೆಗೆ 2013ರ ಭೂಸ್ವಾಧೀನ ಕಾಯ್ದೆಯ ಸೂತ್ರವಿದೆ. ನೋಂದಣಿಗೆ ಸರ್ಕಾರ ನಿಗದಿಪಡಿಸಿದ ಮಾರ್ಗಸೂಚಿ ದರ, ಆಸುಪಾಸಿನ ಹಿಂದಿನ ಮೂರು ವರ್ಷದ ಕ್ರಯಪತ್ರಗಳಲ್ಲಿ ಹೆಚ್ಚಿನ ಬೆಲೆಯ ಅರ್ಧಭಾಗದ ಸರಾಸರಿ, ಇವುಗಳಲ್ಲಿ ಯಾವುದು ಹೆಚ್ಚೋ ಅದು. ಗ್ರಾಮೀಣ ಪ್ರದೇಶಕ್ಕೆ ಅದನ್ನು ರಾಜ್ಯ ನಿಗದಿಪಡಿಸಿದ ಅಂಶದಿಂದ ಗುಣಿಸಿ, ಮರ ಮತ್ತು ಕಟ್ಟಡದ ಬೆಲೆ ಕೂಡಿಸಿ, ಒಟ್ಟು ಮೊತ್ತದಷ್ಟೇ ಸಾಂತ್ವನ ಧನ ಸೇರಿಸುತ್ತಾರೆ. ಮುದ್ರಾಂಕ ಶುಲ್ಕ ಉಳಿಸಲು ಕ್ರಯಪತ್ರದಲ್ಲಿ ಕಾಲು ಬೆಲೆ ಬರೆಸಿದ ಊರಿಗೆ ಈಗ ಅದೇ ಕಾಗದ ಎದುರಾಳಿ. ಮೊತ್ತ ಒಪ್ಪಿಗೆಯಾಗದಿದ್ದರೆ ಕೇಂದ್ರ ಸರ್ಕಾರ ನೇಮಿಸಿದ ಮಧ್ಯಸ್ಥಗಾರರ ಮುಂದೆ ಹೋಗಬಹುದು. ಪಹಣಿ ಇನ್ನೂ ಅಜ್ಜನ ಹೆಸರಿನಲ್ಲಿದೆಯೇ? ಪೌತಿ ಖಾತೆ (ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಬದಲಾವಣೆ) ಇಂದೇ ಮಾಡಿಸಿ. ಅಣ್ಣತಮ್ಮಂದಿರ ಪಾಲಿನ ಜಗಳ ಎದ್ದರೆ ವಿಷಯ ಸಿವಿಲ್ ನ್ಯಾಯಾಲಯಕ್ಕೆ ಹೋಗಿ ಕೂರುತ್ತದೆ.

ಪರಿಹಾರಕ್ಕಾಗಿ ಗುತ್ತಿಗೆದಾರರ ಶೆಡ್ ಮುಂದೆ ನಿಂತು ಪ್ರಯೋಜನವಿಲ್ಲ, ಆ ಹಣ ಸರ್ಕಾರದ್ದು. ರಸ್ತೆಯ ಹಣ ಬಜೆಟ್, ಪೆಟ್ರೋಲ್ ಮತ್ತು ಡೀಸೆಲ್ ಸೆಸ್, ಟೋಲ್‌ಗಳಿಂದ ಬರುತ್ತದೆ. ‘ಹೈಬ್ರಿಡ್ ಆನ್ಯುಟಿ’ ಎಂಬ ಪದ್ಧತಿಯಲ್ಲಿ ಸರ್ಕಾರ ಕಾಮಗಾರಿ ನಡೆಯುವಾಗ ಶೇ 40 ಕೊಟ್ಟು, ಉಳಿದದ್ದನ್ನು ವರ್ಷಗಳ ಕಾಲ ಕಂತಿನಲ್ಲಿ ತೀರಿಸುತ್ತದೆ. ಅರ್ಜಿ ಸರಿಯಾದ ಬಾಗಿಲಿಗೆ ಹೋಗಬೇಕು: ಹಾಸನ, ಸಕಲೇಶಪುರದ ಮೂಲಕ ಸಾಗುವ ರಾಷ್ಟ್ರೀಯ ಹೆದ್ದಾರಿ 75, ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದ್ದು. ಚಾರ್ಮಾಡಿ ಘಾಟಿ ಹತ್ತುವ ಹೆದ್ದಾರಿ 73ರ ಕೆಲಸ ಲೋಕೋಪಯೋಗಿ ಇಲಾಖೆಯ ರಾಷ್ಟ್ರೀಯ ಹೆದ್ದಾರಿ ವಿಭಾಗದ್ದು. ಹೆದ್ದಾರಿ 75ರಲ್ಲಿ ಸಕಲೇಶಪುರ ಸಮೀಪದ ದೋಣಿಗಾಲ್ ಬಳಿ 2021ರ ಜುಲೈನಲ್ಲಿ ಕುಸಿದಂತೆ ದಾರಿ ಮತ್ತೆ ಬಾಯ್ದೆರೆದರೆ ಸಹಾಯವಾಣಿ 1033.

ರಸ್ತೆ ಮುಗಿದ ಮೇಲೆ ಟೋಲ್. ದ್ವಿಚಕ್ರ ವಾಹನಕ್ಕೆ ಶುಲ್ಕವಿಲ್ಲ. ಪ್ಲಾಜಾದಿಂದ 20 ಕಿ.ಮೀ. ಒಳಗಿನ ನಿವಾಸಿಯ ಸ್ವಂತ ಬಳಕೆಯ ಕಾರಿಗೆ ರಿಯಾಯಿತಿ ಮಾಸಿಕ ಪಾಸ್ ಇದೆ. ಆದರೆ ಪಕ್ಕದಲ್ಲಿ ಸರ್ವಿಸ್ ರಸ್ತೆ ಅಥವಾ ಬೇರೆ ದಾರಿ ಇದ್ದರೆ ಪಾಸ್ ಕೊಡುವಂತಿಲ್ಲ ಎಂದು ನಿಯಮವೇ ಹೇಳುತ್ತದೆ. ತೋಟ ಹೋಗಿ ಮನೆ ಉಳಿದಿದ್ದರೆ, ಆ ವಿಳಾಸದ ದಾಖಲೆ ಹಿಡಿದು ಪ್ಲಾಜಾ ಕಚೇರಿಯಲ್ಲಿ ಕೇಳಿ.