ತುಮಕೂರಿಂದ ಟ್ರೇನಲ್ಲಿ ಚಿಕ್ಕಪೇಟೆಗೆ ಹೋಗುವವರಿಗೆ

ಚಿಕ್ಕಪೇಟೆ, ಕೆ.ಆರ್. ಮಾರ್ಕೆಟ್, ಲಾಲ್‌ಬಾಗ್ ಕಡೆ ಕೆಲಸ ಇದ್ದರೆ ಮೆಜೆಸ್ಟಿಕ್‌ವರೆಗೂ ಟ್ರೇನಲ್ಲೇ ಕೂರಬೇಡಿ, ಯಶವಂತಪುರದಲ್ಲೇ ಇಳಿದುಬಿಡಿ. ತುಮಕೂರು ರಸ್ತೆ ಕಡೆಯ ಬಾಗಿಲಿಂದ ಹೊರಬಂದರೆ ಮೆಟ್ರೊ ಅಲ್ಲೇ ಇದೆ. ಅದು ಹಸಿರು ಮಾರ್ಗ, ಈ ಮೂರೂ ಕಡೆ ನೇರ ಹೋಗುತ್ತದೆ. ಮೆಜೆಸ್ಟಿಕ್‌ನಲ್ಲಿ ಇಳಿದರೆ ಹಸಿರು ಮಾರ್ಗಕ್ಕೆ ನೆಲದಡಿ ಒಳ್ಳೇ ನಡಿಗೆ, ಅದಕ್ಕೂ ಮೊದಲು ಸಿಗ್ನಲ್‌ಗೆ ಕಾದು ಟ್ರೇನ್ ಸುಮ್ನೆ ನಿಲ್ಲುವುದು ಬೇರೆ. ಎಂ.ಜಿ. ರಸ್ತೆ, ಕಬ್ಬನ್ ಪಾರ್ಕ್‌ಗಾದರೆ ಇದು ಬೇಡ. ಅದು ನೇರಳೆ ಮಾರ್ಗ, ಮೆಜೆಸ್ಟಿಕ್ಕೇ ಸರಿ. ಭಾನುವಾರ ಬೆಳಗ್ಗೆ ಮೆಟ್ರೊ ತಡವಾಗಿ ಶುರುವಾಗುತ್ತದೆ, ಮೊದಲ ಟ್ರೇನಿನವರು ನೋಡಿಕೊಳ್ಳಿ. ಸಂಜೆ ವಾಪಸಾಗುವಾಗ ಮಾತ್ರ ಮೆಜೆಸ್ಟಿಕ್‌ನಲ್ಲೇ ಹತ್ತಿ. ಯಶವಂತಪುರದಲ್ಲಿ ಸೀಟು ಎಲ್ಲಿ ಸಿಗುತ್ತೆ, ಅಲ್ವಾ?