ಪಾರ್ಟಿ ಆಮೇಲೆ, ಮೊದಲು ಆ ರಿಪೋರ್ಟ್ ಹುಡುಕಿ
ಕ್ಲಿನಿಕ್‌ ಸಿಬ್ಬಂದಿಯ ಹುಮ್ಮಸ್ಸು ಮರಳಿ ತರುವುದು ಹೇಗೆ?

ಬೆಳಿಗ್ಗೆ ಎಂಟೂವರೆ. ಕೌಂಟರ್ ಎದುರು ಆಗಲೇ ಹತ್ತು ಜನ. ರಿಸೆಪ್ಷನ್‌ನಲ್ಲಿ ಕೂತ ಹುಡುಗಿ ಕಿವಿಗೂ ಭುಜಕ್ಕೂ ನಡುವೆ ಫೋನ್ ಸಿಕ್ಕಿಸಿಕೊಂಡು ಫೈಲ್ ಹುಡುಕುತ್ತಿದ್ದಾಳೆ. ಸಿಸ್ಟರ್ ಒಳಗಿನಿಂದ ಬಂದು, ‘ಆ ಬ್ಲಡ್ ರಿಪೋರ್ಟ್ ಎಲ್ಲಿ?’ ಎನ್ನುತ್ತಾರೆ. ‘ನಂಗೇನ್ ಗೊತ್ತು, ಲ್ಯಾಬ್‌ನವರನ್ನ ಕೇಳಿ.’ ಲ್ಯಾಬ್‌ನವರು ನಿನ್ನೆಯೇ ಕೊಟ್ಟಾಯ್ತು ಅನ್ನುತ್ತಾರೆ. ಅಷ್ಟರಲ್ಲಿ ಡಾಕ್ಟರ ಬೆಲ್ ಮತ್ತೊಮ್ಮೆ. ಯಾರೂ ಜಗಳ ಆಡಿಲ್ಲ. ಆದರೂ ಮೂವರ ಮುಖವೂ ಗಂಟು.

ಇದು ನಾನು ಆಡಳಿತ ನೋಡಿಕೊಳ್ಳುತ್ತಿದ್ದ ಕ್ಲಿನಿಕ್‌ನ ಕಥೆ. ಆಗ ನಾನು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಭಾನುವಾರ ಒಂದು ಔಟಿಂಗ್, ಗೋಡೆಗೆ ‘ತಿಂಗಳ ಉತ್ತಮ ಸಿಬ್ಬಂದಿ’ ಫೋಟೊ. ಔಟಿಂಗ್‌ನಲ್ಲಿ ಎಲ್ಲರೂ ಚೆನ್ನಾಗಿಯೇ ನಕ್ಕರು. ಸೋಮವಾರ ಎಂಟೂವರೆಗೆ ರಿಪೋರ್ಟ್ ಮತ್ತೆ ಕಾಣೆ. ಎಲ್ಲಿಂದ ಶುರು ಮಾಡಬೇಕಿತ್ತು ಅಂತ ಈಗ ಕೇಳಿದರೆ ಹೀಗೆ ಹೇಳುತ್ತೇನೆ.

1. ಒಬ್ಬೊಬ್ಬರನ್ನೇ ಕೂರಿಸಿಕೊಂಡು ಕೇಳಿ

ಎಲ್ಲರನ್ನೂ ಒಟ್ಟಿಗೆ ಕರೆದು ‘ಏನಾದ್ರೂ ಪ್ರಾಬ್ಲಂ ಇದ್ಯಾ?’ ಎಂದರೆ ಯಾರೂ ಬಾಯಿ ಬಿಡುವುದಿಲ್ಲ. ಒಬ್ಬೊಬ್ಬರಿಗೆ ಹದಿನೈದು ನಿಮಿಷ ಕೊಡಿ. ಡ್ಯೂಟಿ ಸಮಯದಲ್ಲೇ ಕೊಡಿ, ಮನೆಗೆ ಹೊರಟವರನ್ನು ತಡೆದು ನಿಲ್ಲಿಸಬೇಡಿ. ಎರಡೇ ಪ್ರಶ್ನೆ ಸಾಕು: ಯಾವ ದಿನ ಕೆಲಸ ಚೆನ್ನಾಗಿ ಆಯ್ತು ಅನ್ನಿಸುತ್ತದೆ? ದಿನಾ ನಿಮ್ಮನ್ನು ಕಾಡುವ ಸಣ್ಣ ಕಿರಿಕಿರಿ ಯಾವುದು? ಅವರು ಹೇಳಿದ್ದನ್ನು ಅವರದೇ ಮಾತಿನಲ್ಲಿ ಬರೆದುಕೊಳ್ಳಿ. ‘ಹಾಗಲ್ಲ, ಅದು ಯಾಕೆ ಹಾಗಿದೆ ಅಂದ್ರೆ...’ ಎಂದು ಶುರು ಮಾಡಿದಿರೋ, ಮಾತು ಅಲ್ಲಿಗೇ ಮುಗಿಯಿತು. ದೊಡ್ಡ ಡಾಕ್ಟರೇ ಸಮಸ್ಯೆ ಎಂಬ ಗುಮಾನಿ ಇದ್ದರೆ ಕೇಳುವ ಕೆಲಸವನ್ನು ಬೇರೆಯವರು ಮಾಡಲಿ.

ಕೇಳುವಾಗ ಮೂರು ಲಕ್ಷಣ ಗಮನಿಸಿ. ಮೈಮನಸ್ಸು ಪೂರ್ತಿ ಬಳಲಿರುವುದು, ಕೆಲಸದ ಮೇಲೆ ಬೇಸರ ಬಂದು ಅದರಿಂದ ದೂರ ಸರಿದಿರುವುದು, ‘ನನ್ನಿಂದ ಏನೂ ಆಗ್ತಿಲ್ಲ’ ಎಂಬ ಭಾವನೆ. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಗಳ ವರ್ಗೀಕರಣದಲ್ಲಿ ‘ಬರ್ನ್‌ಔಟ್’ ಅನ್ನು ವಿವರಿಸಿದ್ದು ಈ ಮೂರರಿಂದಲೇ. ಅದನ್ನು ಕಾಯಿಲೆ ಎನ್ನಲಿಲ್ಲ, ಕೆಲಸಕ್ಕೆ ಸಂಬಂಧಿಸಿದ ಸ್ಥಿತಿ ಎಂದು ಹೇಳಿತು. ನನಗೆ ಈ ವ್ಯತ್ಯಾಸ ಬಹಳ ಮುಖ್ಯ ಅನ್ನಿಸುತ್ತದೆ. ಇಬ್ಬರ ಕೆಲಸವನ್ನು ಒಬ್ಬರ ಮೇಲೆ ಹಾಕಿ, ಸಂಜೆ ಧ್ಯಾನದ ಕ್ಲಾಸ್ ಇಟ್ಟರೆ ಏನು ಪ್ರಯೋಜನ?

2. ಚಪ್ಪಲಿಯೊಳಗಿನ ಒಂದು ಕಲ್ಲು ತೆಗೆಯಿರಿ

ಬಂದ ದೂರುಗಳಲ್ಲಿ ಸಂಬಳದಂಥ ದೊಡ್ಡವೂ ಇರುತ್ತವೆ. ಅವಕ್ಕೆ ಸಮಯ ಬೇಕು, ಹಾಗಂತ ನೇರವಾಗಿ ಹೇಳಿಬಿಡಿ. ಎರಡು ವಾರದಲ್ಲಿ ಸರಿಪಡಿಸಬಹುದಾದ ಒಂದನ್ನು ಮಾತ್ರ ಆರಿಸಿಕೊಂಡು ಮಾಡಿ ಮುಗಿಸಿ.

ಅಮೆರಿಕದ ಹವಾಯಿ ಪೆಸಿಫಿಕ್ ಹೆಲ್ತ್ ಎಂಬ ಆಸ್ಪತ್ರೆ ಜಾಲ 2017ರಲ್ಲಿ ತನ್ನ ಸಿಬ್ಬಂದಿಗೆ ಒಂದು ಮಾತು ಹೇಳಿತು: ಕಂಪ್ಯೂಟರ್‌ನಲ್ಲಿ ದಾಖಲಿಸುವ ಕೆಲಸದಲ್ಲಿ ನಿಮಗೆ ಶುದ್ಧ ಪೆದ್ದುತನ ಅನ್ನಿಸುವುದನ್ನು ತಿಳಿಸಿ, ತೆಗೆಯಬಹುದಾದರೆ ತೆಗೆಯುತ್ತೇವೆ. ಬಂದ ದೂರುಗಳಲ್ಲಿ ಒಂದು, ನರ್ಸ್‌ಗಳು ಗಂಟೆಗೊಮ್ಮೆ ರೋಗಿಯನ್ನು ನೋಡಿ ಬಂದೆ ಎಂದು ಒತ್ತಬೇಕಿದ್ದ ಕ್ಲಿಕ್. ಒಂದು ಸಲಕ್ಕೆ ಸುಮಾರು 24 ಸೆಕೆಂಡ್ ಅಷ್ಟೆ. ನಾಲ್ಕು ಆಸ್ಪತ್ರೆಗಳ ಲೆಕ್ಕ ಹಾಕಿದಾಗ ತಿಂಗಳಿಗೆ ಸುಮಾರು 1,700 ಗಂಟೆ! ರೋಗಿಯನ್ನು ನೋಡುವುದನ್ನು ಬಿಡಲಿಲ್ಲ, ಕ್ಲಿಕ್ ಮಾತ್ರ ಬಿಟ್ಟರು.

ನಮ್ಮಲ್ಲಿ ಆ ಕಲ್ಲು ರಿಪೋರ್ಟ್ ಟ್ರೇ ಆಗಿತ್ತು. ಲ್ಯಾಬ್‌ನವರು ಇಡುತ್ತಿದ್ದದ್ದು, ಡಾಕ್ಟರ್ ನೋಡಿ ವಾಪಸ್ ಕಳಿಸುತ್ತಿದ್ದದ್ದು ಎಲ್ಲವೂ ಒಂದೇ ಟ್ರೇಗೆ. ಅದಕ್ಕೆ ಎರಡು ಟ್ರೇ ಇಟ್ಟೆವು. ಒಂದರ ಮೇಲೆ ‘ನೋಡಬೇಕು’, ಇನ್ನೊಂದರ ಮೇಲೆ ‘ನೋಡಿಯಾಯ್ತು’. ಲ್ಯಾಬ್‌ನವರು ಇಡುವಾಗ ರಿಜಿಸ್ಟರ್‌ನಲ್ಲಿ ಒಂದು ಸಹಿ. ಅಷ್ಟೆ. ಸಿಸ್ಟರ್‌ಗೂ ರಿಸೆಪ್ಷನ್ ಹುಡುಗಿಗೂ ಹಳೇ ವೈಷಮ್ಯ ಇದೆ ಅಂತಲೇ ನಾನು ಅಂದುಕೊಂಡಿದ್ದೆ. ವೈಷಮ್ಯ ಇದ್ದದ್ದು ಆ ಟ್ರೇಯಲ್ಲಿ.

ಸರಿಪಡಿಸಿದ ಮೇಲೆ ಅದು ಯಾರು ಹೇಳಿದ್ದು ಅಂತ, ಅವರ ಒಪ್ಪಿಗೆ ಪಡೆದು, ಎಲ್ಲರೆದುರು ಹೇಳಿ. ಇದನ್ನು ಮರೆಯಬೇಡಿ.

3. ಡ್ಯೂಟಿ ಪಟ್ಟಿ ಎಲ್ಲರ ಕಣ್ಣಿಗೂ ಕಾಣಲಿ

ಇದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹಬ್ಬ, ಭಾನುವಾರ, ರಾತ್ರಿ ಪಾಳಿ ಯಾರಿಗೆ ಎಷ್ಟು ಬಂತು ಅಂತ ಎಲ್ಲರಿಗೂ ಗೊತ್ತಾಗುವ ಹಾಗೆ ಪಟ್ಟಿ ಹಾಕಿ, ಕೊನೇ ಗಳಿಗೆಯಲ್ಲಿ ಬದಲಾಯಿಸಬೇಡಿ. ಅರ್ಧ ಮುನಿಸು ಅಲ್ಲಿಯೇ ಇಳಿಯುತ್ತದೆ.

4. ದಿನಾ ಹತ್ತು ನಿಮಿಷ, ನಿಂತುಕೊಂಡೇ

ಬಾಗಿಲು ತೆರೆಯುವ ಮುಂಚೆ ಎಲ್ಲರೂ ಒಂದು ಕಡೆ ನಿಲ್ಲಿ. ಇವತ್ತು ಯಾರು ರಜೆ, ಯಾವ ಹೊತ್ತಿಗೆ ರಶ್, ಯಾವ ಮಿಷನ್ ಕೈಕೊಟ್ಟಿದೆ, ನಿನ್ನೆ ಏನು ತಪ್ಪಿಹೋಗುವುದರಲ್ಲಿತ್ತು. ಇಷ್ಟೇ ಮಾತು. ಡಾಕ್ಟರ್ ಕೊನೆಗೆ ಮಾತಾಡಲಿ. ಅವರು ಮೊದಲೇ ಮಾತಾಡಿದರೆ ಉಳಿದವರು ಸುಮ್ನೆ ತಲೆ ಆಡಿಸುತ್ತಾರೆ. ಸ್ವಚ್ಛತೆಯ ಕೆಲಸದವರನ್ನೂ ಕರೆಯಿರಿ, ಹೆಸರು ಹಿಡಿದು ಮಾತಾಡಿಸಿ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ತಂದ ಶಸ್ತ್ರಚಿಕಿತ್ಸೆಯ ಚೆಕ್‌ಲಿಸ್ಟ್‌ನಲ್ಲಿ ಇರುವುದು 19 ಅಂಶ. ಅದರಲ್ಲಿ ಒಂದು, ಚಾಕು ಹಾಕುವ ಮುಂಚೆ ಕೋಣೆಯಲ್ಲಿರುವ ಪ್ರತಿಯೊಬ್ಬರೂ ತಮ್ಮ ಹೆಸರು ಮತ್ತು ಕೆಲಸ ಹೇಳಿ ಪರಿಚಯ ಮಾಡಿಕೊಳ್ಳುವುದು.

5. ತಪ್ಪು ಒಪ್ಪಿಕೊಂಡವರ ಮೇಲೆ ಕೂಗಾಡಬೇಡಿ

ಕಷ್ಟದ ಹಂತ ಇದು. ಹಾರ್ವರ್ಡ್‌ನಲ್ಲಿ ಸಂಶೋಧನೆ ಮಾಡುತ್ತಿದ್ದ ಏಮಿ ಎಡ್ಮಂಡ್ಸನ್ 1990ರ ದಶಕದಲ್ಲಿ ಆಸ್ಪತ್ರೆಗಳ ನರ್ಸಿಂಗ್ ತಂಡಗಳಲ್ಲಿ ಔಷಧ ಕೊಡುವಾಗಿನ ತಪ್ಪುಗಳನ್ನು ನೋಡಿದರು. ಒಳ್ಳೆಯ ತಂಡದಲ್ಲಿ ತಪ್ಪು ಕಡಿಮೆ ಇರಬೇಕಲ್ವಾ? ಲೆಕ್ಕ ಉಲ್ಟಾ ಬಂತು. ಒಳ್ಳೆಯ ತಂಡಗಳಲ್ಲೇ ಜಾಸ್ತಿ ತಪ್ಪು ದಾಖಲಾಗಿದ್ದವು. ಅಲ್ಲಿ ತಪ್ಪನ್ನು ಹೇಳಿಕೊಳ್ಳಲು ಹೆದರಿಕೆ ಇರಲಿಲ್ಲ, ಉಳಿದ ಕಡೆ ಮುಚ್ಚಿಡುತ್ತಿದ್ದರು.

‘ಡೋಸ್ ಬರೆದದ್ದು ತಪ್ಪಾಗಿದೆ ಅನ್ಸುತ್ತೆ ಡಾಕ್ಟ್ರೇ’ ಎಂದು ಹೊಸ ಸಿಸ್ಟರ್ ಹೇಳಿದಾಗ ಮೊದಲ ಉತ್ತರ ‘ಥ್ಯಾಂಕ್ಸ್, ಇನ್ನೊಂದ್ಸಲ ನೋಡೋಣ’ ಎಂದಿರಲಿ. ಆಕೆಯ ಅನುಮಾನವೇ ತಪ್ಪಾಗಿದ್ದರೂ ಅಷ್ಟೆ. ರೋಗಿಗಳ ಮುಂದೆ ಒಮ್ಮೆ ಗದರಿದರೆ ಆಕೆ ಮತ್ತೆ ಹೇಳುವುದಿಲ್ಲ, ಅದನ್ನು ನೋಡಿದ ಉಳಿದವರೂ ಹೇಳುವುದಿಲ್ಲ.

ಹೀಗೆ ಗದರುವವರು ಎಷ್ಟೋ ಸಲ ಕೆಲಸದಲ್ಲಿ ಗಟ್ಟಿಗರೇ ಆಗಿರುತ್ತಾರೆ. ‘ಅವರಿಲ್ಲದೆ ನಡೆಯೋದಿಲ್ಲ’ ಅಂತ ಎಲ್ಲರೂ ಸಹಿಸಿಕೊಂಡಿರುತ್ತಾರೆ. ಅವರೊಂದಿಗೆ ಬಾಗಿಲು ಮುಚ್ಚಿ ಮಾತಾಡಿ. ‘ನೀವು ಒರಟು’ ಎನ್ನಬೇಡಿ. ‘ಮಂಗಳವಾರ ಕೌಂಟರ್ ಹತ್ತಿರ ಹೀಗೆ ಹೇಳಿದಿರಿ, ಆಮೇಲೆ ಹೀಗಾಯ್ತು’ ಎಂದು ನಡೆದದ್ದನ್ನು ಹೇಳಿ. ಎರಡು ಮೂರು ಸಲ ಹೇಳಿದರೂ ಬದಲಾಗದಿದ್ದರೆ? ಅವರು ಹೊರಟರೆ ಒಬ್ಬರು ಕಡಿಮೆ. ಅವರು ಉಳಿದರೆ ಹೊರಡುವವರು ಎಷ್ಟು ಜನ ಅಂತ ಲೆಕ್ಕ ಹಾಕಿ.

6. ಮೂರು ತಿಂಗಳಿಗೆ ಮತ್ತೆ ಕೇಳಿ

ಅದೇ ಎರಡು ಪ್ರಶ್ನೆ. ಜೊತೆಗೆ ರಾಜೀನಾಮೆ, ಹಠಾತ್ ರಜೆಗಳ ಲೆಕ್ಕವನ್ನೂ ನೋಡಿ. ದೂರು ಮೊದಲಿಗಿಂತ ಜಾಸ್ತಿ ಬಂದರೆ ಗಾಬರಿ ಬೇಡ. ನಮ್ಮಲ್ಲಿ ಎರಡನೇ ಸುತ್ತಿನ ಪಟ್ಟಿ ಮೊದಲಿನದರ ಎರಡರಷ್ಟಿತ್ತು. ಮೊದಲ ಸಾಲು ನನ್ನ ಬಗ್ಗೆಯೇ: ‘ಸರ್ ಹತ್ತು ನಿಮಿಷ ಅಂತಾರೆ, ಇಪ್ಪತ್ತು ನಿಮಿಷ ನಿಲ್ಲಿಸ್ತಾರೆ.’